ಜೆ.ಸಿ. ರೋಡಿನಲ್ಲಿ ಗೇರ್ ಲಾಕ್ ಹಾಕಿಸಿದ್ದು

ಎದುರು ಮನೆ ಅಂಕಲ್ ಕಾರು ಕಳುವಾದ ಮೇಲೆ ನಮ್ಮ ಬೀದಿಯಲ್ಲಿ ಎಲ್ಲರೂ ತಜ್ಞರಾಗಿಬಿಟ್ಟಿದ್ದಾರೆ. ಒಬ್ಬರು ಜಿಪಿಎಸ್ ಹಾಕಿಸಿ ಅಂತಾರೆ, ಒಬ್ಬರು ಗೇಟಿಗೆ ಇನ್ನೊಂದು ಕ್ಯಾಮೆರಾ ಅಂತಾರೆ, ಮೂಲೆ ಮನೆಯವರು ನಾಯಿ ಸಾಕಿ ಅಂತಾರೆ (ಅವರ ಮನೆ ನಾಯಿ ಅವತ್ತು ರಾತ್ರಿ ಬೊಗಳೇ ಇಲ್ಲ, ಅದು ಬೇರೆ ಮಾತು). ನಾನು ಶನಿವಾರ ಬೆಳಗ್ಗೆ ಕಾರು ತೆಗೆದುಕೊಂಡು, ಗೇರ್ ಲಾಕ್ ಹಾಕಿಸೋಣ ಅಂತ ಸೀದಾ ಬೆಂಗಳೂರಿನ ಜೆ.ಸಿ. ರೋಡಿಗೆ ಹೋದೆ.

ಕಾರಣ ಅಂಕಲ್ ಕಾರಿನ ಕಳ್ಳತನ ಸೆರೆಯಾದ ಕ್ಯಾಮೆರಾ ವಿಡಿಯೋ. ಇಬ್ಬರು ಬರುತ್ತಾರೆ. ಒಬ್ಬ ಹಿಂದಿನ ಸಣ್ಣ ಗಾಜು ಒಡೆದು, ಕೈ ತೂರಿಸಿ ಬಾಗಿಲು ತೆಗೆದು, ಸ್ಟೇರಿಂಗ್ ಕೆಳಗೆ ಬಗ್ಗುತ್ತಾನೆ. ಟೀ ಕುಡಿಯುವಷ್ಟು ಹೊತ್ತೂ ಇಲ್ಲ, ಗಾಡಿ ಸ್ಟಾರ್ಟ್ ಆಗಿ ಹೊರಟೇ ಹೋಯಿತು. ಅಲಾರಂ ತುಟಿ ಪಿಟಿಕ್ ಅನ್ನಲಿಲ್ಲ. ಗಾಜು ಒಡೆದರೆ ಕೂಗುವ ಸೆನ್ಸರ್ ಎಲ್ಲಾ ಕಾರಲ್ಲೂ ಇರುವುದಿಲ್ಲ.

ಸ್ಟೇರಿಂಗ್ ಕೆಳಗೆ ಏನಿದೆ ಅಂದರೆ ಒಬಿಡಿ ಪೋರ್ಟ್. ಸರ್ವಿಸ್‌ನವರು ಕಾರಿನ ತೊಂದರೆ ನೋಡಲು ಮೆಷಿನ್ ಸಿಕ್ಕಿಸುವ ಜಾಗ. ಕಳ್ಳರೂ ಅಲ್ಲೇ ಒಂದು ಮೆಷಿನ್ ಸಿಕ್ಕಿಸಿ, ತಾವು ತಂದ ಖಾಲಿ ಕೀಯನ್ನೂ ಕಾರು ಒಪ್ಪಿಕೊಳ್ಳುವ ಹಾಗೆ ಮಾಡುತ್ತಾರೆ. ಆಮೇಲೆ, ಸರಿಯಾದ ಕೀ ಇಲ್ಲದೆ ಇಂಜಿನ್ ಸ್ಟಾರ್ಟ್ ಆಗಲು ಬಿಡದ ಇಮ್ಮೊಬಿಲೈಸರ್ ಇದ್ದೂ ಏನು ಮಾಡುತ್ತೆ? ಅದರ ಕಣ್ಣಿಗೆ ಕಳ್ಳನೂ ಓನರೇ.

ಜೆ.ಸಿ. ರೋಡ್ ಗೊತ್ತಲ್ಲ, ಕಾರು ಸ್ವಲ್ಪ ನಿಧಾನ ಮಾಡಿದರೆ ಸಾಕು, ನಾಲ್ಕು ಹುಡುಗರು ಕೈ ಬೀಸಿ "ಸಾರ್ ಸೀಟ್ ಕವರ್, ಸಾರ್ ಫ್ಲೋರ್ ಮ್ಯಾಟ್" ಅಂತ ಅಡ್ಡ ಬರುತ್ತಾರೆ. ಗೇರ್ ಲಾಕ್ ಅಂದ ತಕ್ಷಣ ಉತ್ಸಾಹ ಅರ್ಧ ಇಳಿಯಿತು. ಕೊನೆಗೆ ಒಂದು ಸಣ್ಣ ಅಂಗಡಿಯ ಭಾಯ್ ಕಾರನ್ನು ಫುಟ್‌ಪಾತ್ ಪಕ್ಕ ನಿಲ್ಲಿಸಿಕೊಂಡು ಮೊದಲು ಕೇಳಿದ್ದು, "ಬಟನ್ ಸ್ಟಾರ್ಟಾ ಸಾರ್?"

ಹೌದು ಅಂದೆ. "ಮನೇಲಿ ಕೀ ಎಲ್ಲಿಡ್ತೀರಾ?"

ಬಾಗಿಲ ಪಕ್ಕದ ಮೊಳೆಗೆ. ಎಲ್ಲರ ಮನೆಯಲ್ಲೂ ಅಲ್ಲೇ ಅಲ್ವಾ? ಭಾಯ್ ವಿವರಿಸಿದರು. ಒಬ್ಬ ಬಾಗಿಲ ಹತ್ತಿರ ಒಂದು ಯಂತ್ರ ಹಿಡಿದು ನಿಲ್ಲುತ್ತಾನೆ, ಇನ್ನೊಬ್ಬ ಕಾರಿನ ಹತ್ತಿರ. ಒಳಗಿರುವ ಕೀಯ ಸಿಗ್ನಲ್ಲನ್ನು ಈ ಯಂತ್ರ ಆ ಯಂತ್ರಕ್ಕೆ ದಾಟಿಸುತ್ತದೆ, ಕೀ ಪಕ್ಕದಲ್ಲೇ ಇದೆ ಅಂದುಕೊಂಡು ಕಾರು ಬಾಗಿಲು ತೆಗೆಯುತ್ತದೆ. ಗಾಜು ಒಡೆಯುವ ಕೆಲಸವೂ ಇಲ್ಲ. ಇದಕ್ಕೆ ಸಿಗ್ನಲ್ ತಡೆಯುವ ಚೀಲ ಮಾರುತ್ತಾರೆ. "ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿನೂ ಆಗ್ಬಹುದು ಸಾರ್, ಆದ್ರೆ ಟೆಸ್ಟ್ ಮಾಡಿ. ಕೀ ಡಬ್ಬಿಗೆ ಹಾಕಿ ಕಾರ್ ಹತ್ರ ಹೋಗಿ, ಡೋರ್ ಓಪನ್ ಆದ್ರೆ ಡಬ್ಬಿ ವೇಸ್ಟ್." ಮಾರುವ ಸಾಮಾನು ಬಿಟ್ಟು ಅಡುಗೆಮನೆ ಡಬ್ಬಿ ತೋರಿಸಿದ ಅಂಗಡಿಯವರನ್ನು ನಾನು ನೋಡಿದ್ದು ಕಡಿಮೆ.

ಇಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿನ ವೈರಿಗೆ ಯಾರಿಗೂ ಕಾಣದ ಗುಟ್ಟಿನ ಸ್ವಿಚ್ ಹಾಕುವ ಬಗ್ಗೆಯೂ ಕೇಳಿದೆ. ಒಳ್ಳೇದೇ, ಆದರೆ ವೈರ್ ಕತ್ತರಿಸಿದರೆ ವಾರಂಟಿ ಕೊಡಲ್ಲ ಅಂತ ಕಂಪನಿಯವರು ತಕರಾರು ತೆಗೆಯಬಹುದು. ಜಿಪಿಎಸ್ ಕಾರು ಹೋದ ಮೇಲೆ ಎಲ್ಲಿದೆ ಅಂತ ಹೇಳುತ್ತದೆ, ಹೋಗುವುದನ್ನು ತಡೆಯುವುದಿಲ್ಲ. ಕಳ್ಳನ ಹತ್ತಿರ ಸಿಗ್ನಲ್ ಕೆಡಿಸುವ ಜಾಮರ್ ಇದ್ದರೆ ಅದೂ ಇಲ್ಲ. ಗೇರ್ ಲಾಕ್ ಮಾತ್ರ ಸುಮ್ನೆ ಕಬ್ಬಿಣ. ಗೇರ್ ಬುಡದಲ್ಲಿ ಚೌಕಟ್ಟು ಕೂರಿಸಿ ಬೋಲ್ಟ್ ಹಾಕುತ್ತಾರೆ, ಬೀಗ ಒತ್ತಿದರೆ ಗೇರ್ ಅಲುಗುವುದಿಲ್ಲ. ಇಂಜಿನ್ ಎಷ್ಟು ಸ್ಟಾರ್ಟ್ ಆದರೂ ಗಾಡಿ ಓಡಿಸಲು ಆಗಲ್ಲ. ಕಟರ್ ತಂದರೆ ಇದನ್ನೂ ಕತ್ತರಿಸಬಹುದು, ಆದರೆ ಸದ್ದಾಗುತ್ತೆ, ಹೊತ್ತು ಹಿಡಿಯುತ್ತೆ. ಕಳ್ಳನಿಗೆ ಬೇಡದ್ದು ಅವೆರಡೇ. ಚೌಕಾಸಿ ಮಾಡಿ 3,500ಕ್ಕೆ ಮುಗಿಸಿದೆ. ಸ್ಟೇರಿಂಗಿಗೆ ಅಡ್ಡ ಹಾಕುವ ಕೆಂಪು ರಾಡನ್ನೂ ತೆಗೆದುಕೊಂಡೆ, ಹೊರಗಿನಿಂದಲೇ ಕಾಣಲಿ ಅಂತ.

ಅಂಗಡಿ ಹುಡುಗ ಗೇರ್ ಸುತ್ತಲಿನ ಕನ್ಸೋಲ್ ಬಿಚ್ಚಿ ಕೂತಿದ್ದಾಗ ಅಂಕಲ್ ಫೋನ್ ಬಂತು. ಅವರ ಕಾರಿನ ಕೇಸು ಇನ್ನೂ ಮುಗಿದಿರಲಿಲ್ಲ. ಎಫ್‌ಐಆರ್ ಆಗಿತ್ತು (2024ರ ಜುಲೈನಿಂದ ಕಳ್ಳತನಕ್ಕೆ ಹಳೇ ಐಪಿಸಿಯ ಸೆಕ್ಷನ್ 379 ಇಲ್ಲ, ಅದರ ಬದಲು ಬಂದ ಬಿಎನ್‌ಎಸ್ ಕಾನೂನಿನ 303). ಇನ್ಶೂರೆನ್ಸ್‌ನವರು ಎರಡೂ ಕೀ ಕೇಳಿದ್ದಾರೆ. ಎರಡನೇ ಕೀ ಮಗನ ಹತ್ತಿರ ಇದೆ, ಅವನು ಪುಣೆಯಲ್ಲಿ. ಅದು ಸಿಗದಿದ್ದರೆ ನೂರೆಂಟು ಪ್ರಶ್ನೆ. ಜೊತೆಗೆ ಗಾಡಿ ಪತ್ತೆಯಾಗಲಿಲ್ಲ ಅಂತ ಪೊಲೀಸರು ಹಾಕುವ ಸಿ ರಿಪೋರ್ಟ್ ಬರಬೇಕು. ಅಲ್ಲಿವರೆಗೆ ಕ್ಲೇಮ್ ನಡೆಯಲ್ಲ, ಬ್ಯಾಂಕಿನ ಇಎಂಐ ಮಾತ್ರ ನಿಲ್ಲಲ್ಲ.

"ದುಡ್ಡು ಪೂರ್ತಿ ಬರುತ್ತಾ?" ಅಂದರು. ಬರಲ್ಲ ಅಂತ ಹೇಳಲು ಕಷ್ಟವಾಯಿತು. ಎರಡು ವರ್ಷ ದಾಟಿದ ಕಾರಿಗೆ ಸಾಮಾನ್ಯವಾಗಿ ಕಂಪನಿ ಬೆಲೆಯಲ್ಲಿ 30 ಪರ್ಸೆಂಟ್ ಕಳೆದೇ ಐಡಿವಿ, ಅಂದರೆ ಕಾರು ಕಳುವಾದರೆ ಕೊಡುವ ಮೊತ್ತ, ಕಟ್ಟಿರುತ್ತಾರೆ. ಲೈಫ್ ಟ್ಯಾಕ್ಸ್ ಅದರಲ್ಲಿ ಸೇರುವುದಿಲ್ಲ, ನಮ್ಮ ರಾಜ್ಯದಲ್ಲಿ ಅದೇನು ಸಣ್ಣ ಮೊತ್ತವೇ? ರಿಟರ್ನ್ ಟು ಇನ್‌ವಾಯ್ಸ್ ಅಂತ ಒಂದು ಆಡ್-ಆನ್ ಇದೆ, ಅದಿದ್ದರೆ ಬಿಲ್ಲಿನ ಮೊತ್ತ ಸಿಗುತ್ತದೆ. ಬೇರೆಯವರ ನಷ್ಟಕ್ಕೆ ಮಾತ್ರ ಆಗುವ ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದ್ದಿದ್ದರೆ ಒಂದು ಪೈಸೆಯೂ ಬರುತ್ತಿರಲಿಲ್ಲ ಅಂದೆ. ಅದೇನು ಸಮಾಧಾನದ ಮಾತೂ ಅಲ್ಲ.

ಮನೆಗೆ ಬಂದು ನನ್ನ ಪಾಲಿಸಿ ತೆಗೆದು ನೋಡಿದೆ. ಆ ಆಡ್-ಆನ್ ಇತ್ತು. ಕಳ್ಳತನ ತಡೆಯುವ ಸಾಧನ ಹಾಕಿಸಿದರೆ ರಿಯಾಯಿತಿ ಅಂತಲೂ ಇತ್ತು. ಏಜೆಂಟಿಗೆ ಕೇಳಿದರೆ ಎರಡೂವರೆ ಪರ್ಸೆಂಟ್, ಅದೂ 500 ರೂಪಾಯಿ ಮೀರದ ಹಾಗೆ, ವಾಹನ ಪರೀಕ್ಷೆ ಮಾಡುವ ಎಆರ್‌ಎಐ ಸಂಸ್ಥೆ ಒಪ್ಪಿದ ಸಾಧನ ಅಂತ ಸರ್ಟಿಫಿಕೇಟ್ ಬೇಕು ಅಂದರು. ಭಾಯ್‌ಗೆ ಫೋನ್ ಮಾಡಿದೆ. "ಬಿಲ್ ಬೇಕಾದ್ರೆ ಕೊಡ್ತೀನಿ ಸಾರ್, ಸರ್ಟಿಫಿಕೇಟ್ ಎಲ್ಲಿಂದ ತರ್ಲಿ?" ಅಂದರು.