ಬಿದ್ದ ಹಕ್ಕಿಯ ಬಾಯಿಗೆ ನೀರು ಬಿಡಬೇಡಿ

ಏಪ್ರಿಲ್ ಬಂತೆಂದರೆ ದಾವಣಗೆರೆ, ಚಿತ್ರದುರ್ಗದ ಹಿತ್ತಲುಗಳಲ್ಲಿ ಬಿಸಿಲಿಗೆ ಬಸವಳಿದ ಹಕ್ಕಿಗಳು ಕಾಣಸಿಗುತ್ತವೆ. ಕರಿಬೇವಿನ ಗಿಡದ ಬುಡದಲ್ಲಿ ಗೊರವಂಕವೊಂದು ಕೊಕ್ಕು ತೆರೆದು, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ಏದುಸಿರು ಬಿಡುತ್ತಾ ಕೂತಿರುತ್ತದೆ. ನೋಡಿದವರು ತಕ್ಷಣ ಎತ್ತಿಕೊಂಡು ಕೊಕ್ಕು ಬಿಡಿಸಿ ನೀರು ಹಾಕುತ್ತಾರೆ. ಸಾಯುವವರ ಬಾಯಿಗೆ ನೀರು ಬಿಡುವುದು ನಮ್ಮ ರೂಢಿ, ಸರಿ. ಹಕ್ಕಿಯ ವಿಷಯದಲ್ಲಿ ಮಾತ್ರ ಎಷ್ಟೋ ಸಲ ಆ ನೀರೇ ಅದನ್ನು ಕೊಲ್ಲುತ್ತದೆ.

ಹಕ್ಕಿಯ ಉಸಿರಿನ ದಾರಿ ಅದರ ನಾಲಿಗೆಯ ಬುಡದಲ್ಲೇ ಇದೆ, ಸೀಳಿದಂಥ ಒಂದು ಪುಟ್ಟ ತೂತು. ಸುಸ್ತಾದ ಹಕ್ಕಿಗೆ ಅದನ್ನು ಮುಚ್ಚಿಕೊಂಡು ನುಂಗುವ ಶಕ್ತಿ ಇರುವುದಿಲ್ಲ. ಫಿಲ್ಲರ್‌ನಿಂದಲೋ ಬೆರಳಿನಿಂದಲೋ ಬಿಟ್ಟ ನೀರು ನೇರ ಶ್ವಾಸಕೋಶಕ್ಕಿಳಿಯುತ್ತದೆ. ತಲೆ ಎತ್ತಿ ಕೂರುವ ಹಕ್ಕಿಯಾದರೆ ಡಬ್ಬಿಯ ಮುಚ್ಚಳದಲ್ಲಿ ಒಂದು ಸೆಂಟಿಮೀಟರ್‌ನಷ್ಟು ನೀರಿಟ್ಟು ಸುಮ್ಮನಿರಿ. ಬೇಕಾದರೆ ತಾನೇ ಕುಡಿಯುತ್ತದೆ. ಹಾಲು ಬೇಡ, ಅದು ಹಕ್ಕಿಗೆ ಅರಗುವುದಿಲ್ಲ. ಬ್ರೆಡ್, ಅನ್ನ ಬೇಡ. ದಾವಣಗೆರೆಯಲ್ಲಿ ಯಾರ ಮನೆಯಲ್ಲೂ ಮಂಡಕ್ಕಿಗೆ ಬರವಿಲ್ಲ, ಅದೂ ಬೇಡ. ಮೊದಲ ಒಂದೆರಡು ಗಂಟೆ ಹಕ್ಕಿಗೆ ಬೇಕಾದದ್ದು ಊಟವಲ್ಲ, ಕತ್ತಲೆ.

ಅದಕ್ಕೆ ರಟ್ಟಿನ ಪೆಟ್ಟಿಗೆ ಸಾಕು. ಗೊರವಂಕ, ಪಿಕಳಾರ, ಬೆಳವಕ್ಕಿಗೆ ಚಪ್ಪಲಿಯ ಬಾಕ್ಸ್. ಗೂಬೆ, ಹದ್ದಿಗೆ ದಿನಸಿ ಅಂಗಡಿಯ ದೊಡ್ಡ ಕಾರ್ಟನ್. ಪೆನ್ಸಿಲ್ ದಪ್ಪದ ಎಂಟು ಹತ್ತು ತೂತುಗಳನ್ನು ಹಕ್ಕಿ ಇಡುವ ಮೊದಲೇ ಕೊರೆಯಿರಿ. ಒಳಗೆ ಹಳೆಯ ಕಾಟನ್ ಪಂಚೆ ಹಾಸಿ. ಟವೆಲ್ ಆದರೆ ಅದರ ದಾರದ ಕುಣಿಕೆಗೆ ಉಗುರು ಸಿಕ್ಕಿಕೊಳ್ಳುತ್ತದೆ. ನಿಲ್ಲಲಾರದ ಹಕ್ಕಿಗೆ ಕೊಡ ಹೊರುವ ಸಿಂಬೆಯ ಹಾಗೆ ಬಟ್ಟೆ ಸುತ್ತಿ ನಡುವೆ ಕೂರಿಸಿದರೆ ಪಕ್ಕಕ್ಕೆ ವಾಲುವುದಿಲ್ಲ. ಪಂಜರ ಬೇಡವೇ ಬೇಡ. ಸರಳಿಗೆ ಬಡಿದುಕೊಂಡು ಇರುವ ಗರಿಯನ್ನೂ ಕಳೆದುಕೊಳ್ಳುತ್ತದೆ. ಬಿಸಿನೀರಿನ ಬಾಟಲಿಯ ಶಾಖ ಕೊಡಿ ಎನ್ನುವ ಸಲಹೆ ಡಿಸೆಂಬರಿನ ರಾತ್ರಿಗೆ ಸರಿ, ಅದೂ ಬಟ್ಟೆ ಸುತ್ತಿ ಪೆಟ್ಟಿಗೆಯ ಅರ್ಧಭಾಗಕ್ಕೆ ಮಾತ್ರ. ದುರ್ಗದ ಮೇ ತಿಂಗಳಲ್ಲಿ ಏದುಸಿರು ಬಿಡುವ ಹಕ್ಕಿಗೆ ಹಾಗೆ ಮಾಡಿದರೆ ಬೇಯಿಸಿದಂತೆ.

ಎತ್ತುವಾಗ ತಲೆ ಮುಚ್ಚುವಂತೆ ಬಟ್ಟೆ ಹೊದಿಸಿ, ರೆಕ್ಕೆಗಳನ್ನು ಮೈಗೆ ಸೇರಿಸಿ ಹಿಡಿಯಿರಿ. ಎದೆ ಅಮುಕಬೇಡಿ. ಹಕ್ಕಿಗೆ ನಮ್ಮಂತೆ ಎದೆ-ಹೊಟ್ಟೆಯ ನಡುವೆ ಉಸಿರೆಳೆಯುವ ಸ್ನಾಯು, ಅಂದರೆ ವಪೆ, ಇಲ್ಲ; ಎದೆಮೂಳೆ ಆಡಿದರೆ ಮಾತ್ರ ಉಸಿರು. ಮುರಿದ ರೆಕ್ಕೆಗೆ ಎದೆ ಸುತ್ತಿ ಬಿಗಿಯಾಗಿ ಪಟ್ಟಿ ಕಟ್ಟಬಾರದು ಎನ್ನುವುದಕ್ಕೂ ಇದೇ ಕಾರಣ. ಹದ್ದು, ಗೂಬೆಗಳಲ್ಲಿ ಭಯಪಡಬೇಕಾದದ್ದು ಕಾಲಿನ ಉಗುರಿಗೆ. ಕೊಕ್ಕರೆ ಮಾತ್ರ ಸೀದಾ ಕಣ್ಣಿಗೇ ಕುಕ್ಕುತ್ತದೆ.

ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆಯಿಂದ ಮೂರರಿಂದ ಐದು ನಿಮಿಷ ಒತ್ತಿ ಹಿಡಿಯಿರಿ. ಕೊಬ್ಬರಿ ಎಣ್ಣೆ, ಮುಲಾಮು ಹಚ್ಚಿದರೆ ಗರಿಗಳು ಅಂಟಿಕೊಂಡು ಮೈಯ ಶಾಖ ನಿಲ್ಲುವುದಿಲ್ಲ. ಗಾಳಿಪಟದ ಮಾಂಜಾ ಸುತ್ತಿಕೊಂಡಿದ್ದರೆ ಎಳೆಯಬೇಡಿ, ಎರಡೂ ಕಡೆ ಕತ್ತರಿಸಿ. ಮಾಂಸದೊಳಗೆ ಹೊಕ್ಕ ತುಂಡನ್ನು ವೈದ್ಯರೇ ತೆಗೆಯಲಿ. ಬೆಕ್ಕು ಕಚ್ಚಿದ್ದರಂತೂ ಗಾಯ ಕಾಣದಿದ್ದರೂ ಅಂದೇ ಪಶುವೈದ್ಯರಿಗೆ ತೋರಿಸಬೇಕು. ಬೆಕ್ಕಿನ ಬಾಯಿಯ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ರಕ್ತ ನಂಜಾಗಿಸುತ್ತದೆ, ಆ್ಯಂಟಿಬಯೋಟಿಕ್ ಇಲ್ಲದೆ ಉಳಿಯುವುದು ಕಷ್ಟ. ಮೆಕ್ಕೆಜೋಳದ ಹೊಲದ ಪಕ್ಕದ ಮನೆಗಳಲ್ಲಿ ಇನ್ನೊಂದನ್ನು ಗಮನಿಸಿ: ಕಾಲ್ಬೆರಳು ಮುಷ್ಟಿಯಂತೆ ಬಿಗಿದು, ಜೊಲ್ಲು ಸುರಿದು, ಮೈ ನಡುಗುತ್ತಿದ್ದರೆ ಅದು ಕೀಟನಾಶಕದ ಲಕ್ಷಣ. ಕೆಲವು ಕೀಟನಾಶಕಗಳಿಗೆ ಅಟ್ರೋಪಿನ್ ಇಂಜೆಕ್ಷನ್ ಇದೆ, ಹಾಗಾಗಿ ಏನು ಸಿಂಪಡಿಸಿದ್ದಾರೆಂದು ಕೇಳಿಕೊಂಡೇ ಹೋಗಿ. ಒಂದೇ ಕಡೆ ನಾಲ್ಕಾರು ಹಕ್ಕಿ ಸತ್ತು ಬಿದ್ದಿದ್ದರೆ ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಿ.

ಮರಿಗಳದ್ದು ಬೇರೆಯೇ ಕಥೆ. ಮೈತುಂಬ ಗರಿ, ಮೋಟು ಬಾಲ, ಕುಪ್ಪಳಿಸುವ ನಡಿಗೆ ಇದ್ದರೆ ಅದು ಅನಾಥವಲ್ಲ. ಪಿಕಳಾರದ ಮರಿ ಸುಮಾರು 12 ದಿನಕ್ಕೆ, ಸರಿಯಾಗಿ ಹಾರಲು ಬರುವ ಮೊದಲೇ, ಗೂಡು ಬಿಡುತ್ತದೆ. ಬೆಕ್ಕನ್ನು ಒಳಗೆ ಕೂಡಿ, ಮರಿಯನ್ನು ದಾಸವಾಳದ ಗಿಡದೊಳಗೆ ಕೂರಿಸಿ ದೂರ ಹೋಗಿ. ಗರಿ ಬಾರದ ಮರಿಯನ್ನು ಗೂಡಿಗೇ ಇಡಿ. ಗೂಡು ಹರಿದಿದ್ದರೆ ಸಣ್ಣ ಬುಟ್ಟಿಯನ್ನು ಅದೇ ಕೊಂಬೆಗೆ ಕಟ್ಟಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎನ್ನುವುದು ಬರೀ ಮಾತು.

ಗಿಳಿಯೇ ಇರಲಿ ಗೊರವಂಕವೇ ಇರಲಿ, ವಾಸಿಯಾದ ಮೇಲೆ ಸಾಕಿಕೊಳ್ಳುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಇಂಥ ಜೀವಿ ಕೈಗೆ ಬಂದ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926.

ಬಿಸಿಲಿಗೆ ಬಳಲಿದ್ದು, ಕಿಟಕಿ ಗಾಜಿಗೆ ಬಡಿದು ಮಂಕಾದದ್ದು ಒಂದೆರಡು ಗಂಟೆಯ ಕತ್ತಲಲ್ಲಿ ಚೇತರಿಸಿಕೊಂಡರೆ ಪೆಟ್ಟಿಗೆಯೊಳಗಿಂದ ಪರಚುವ ಸದ್ದು ಬರುತ್ತದೆ. ಬಿಸಿಲಿಳಿದು ಇನ್ನೂ ಬೆಳಕಿರುವಾಗ ಸಿಕ್ಕ ಜಾಗಕ್ಕೇ ಒಯ್ದು, ಕತ್ತಲಾಗಿದ್ದರೆ ಬೆಳಗ್ಗೆಯವರೆಗೆ ತಡೆದು, ಮುಚ್ಚಳ ತೆಗೆದು ಹಿಂದೆ ಸರಿಯಿರಿ. ಮೇಲಕ್ಕೆ ಎಸೆಯಬೇಡಿ; ಹಾರಲಾಗದಿದ್ದರೆ ಮತ್ತೆ ಬೀಳುತ್ತದೆ.