ಸ್ಟರ್ನೋ, ರಟ್ಗರ್ಸೋ: ಅಣ್ಣನ ಮಗಳ ಕಾಲೇಜಿನ ಲೆಕ್ಕ

ಏಪ್ರಿಲ್ 25, 2026, ಶನಿವಾರ
ಎಡಿಸನ್, ನ್ಯೂಜೆರ್ಸಿ

ಮೇ 1ಕ್ಕೆ ಇನ್ನು ಆರೇ ದಿನ. ಅಷ್ಟರೊಳಗೆ ಅಣ್ಣನ ಮಗಳು ಪುಟ್ಟಿ ಯಾವುದಾದರೂ ಒಂದು ಕಾಲೇಜಿಗೆ ಡೆಪಾಸಿಟ್ ಕಟ್ಟಿ ಸೀಟು ಗಟ್ಟಿ ಮಾಡಿಕೊಳ್ಳಬೇಕು. ಬಿಸಿನೆಸ್ ಪದವಿಗೆ ಮೂರು ಕಡೆ ಸಿಕ್ಕಿದೆ: ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸ್ಟರ್ನ್, ಇಂಡಿಯಾನಾ ವಿಶ್ವವಿದ್ಯಾಲಯದ ಕೆಲ್ಲಿ, ನಮ್ಮದೇ ರಾಜ್ಯದ ರಟ್ಗರ್ಸ್. ಸ್ಟರ್ನ್‌ನಿಂದ ಹಣದ ನೆರವು ಇಲ್ಲ. ಕೆಲ್ಲಿಯಿಂದ ವರ್ಷಕ್ಕೆ 11 ಸಾವಿರ ಡಾಲರ್ ಸ್ಕಾಲರ್‌ಶಿಪ್. ರಟ್ಗರ್ಸ್‌ನಿಂದ 15 ಸಾವಿರ. ರಾಜ್ಯದ ಮಕ್ಕಳಿಗೆ ರಟ್ಗರ್ಸ್‌ನಲ್ಲಿ ಶುಲ್ಕವೂ ಕಡಿಮೆ, ಹಾಗಾಗಿ ಊಟ, ಹಾಸ್ಟೆಲ್ ಎಲ್ಲ ಸೇರಿ ಮನೆಯವರು ಕೈಯಿಂದ ಹಾಕಬೇಕಾದದ್ದು ವರ್ಷಕ್ಕೆ 22 ಸಾವಿರದಷ್ಟು.

ಅಣ್ಣನಿಗೆ ಸ್ಟರ್ನ್ ಬೇಕು, ಅತ್ತಿಗೆಗೆ ರಟ್ಗರ್ಸ್. ಪುಟ್ಟಿ ಇಬ್ಬರಿಗೂ ಬೇಜಾರಾಗದಿರಲಿ ಅಂತ ಇಂಡಿಯಾನಾ ಅನ್ನುತ್ತಿದ್ದಾಳೆ. ಹದಿನೇಳು ವರ್ಷದ ಹುಡುಗಿ ಅಪ್ಪ ಅಮ್ಮನ ಮಧ್ಯೆ ರಾಜಿ ಮಾಡಿಸಲು ಏಳುನೂರು ಮೈಲಿ ದೂರದ ಊರಿಗೆ ಹೋಗುವುದು ನನಗೆ ಸರಿ ಕಾಣಲಿಲ್ಲ. "ನೀನು ಬಂದು ಒಂದು ಸಲ ಲೆಕ್ಕ ನೋಡು" ಅಂತ ಅಣ್ಣ ಕರೆದಿದ್ದ. ಮಧ್ಯಾಹ್ನ ಊಟ ಮುಗಿಸಿ ಮೂರೂ ಕಾಲೇಜಿನ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆವು.

ಅಣ್ಣನ ವಾದವನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಹಾಸನದಲ್ಲಿ ಪಿಯುಸಿ ಮುಗಿಸಿ ಅವನು ಸುರತ್ಕಲ್ ಎಂಜಿನಿಯರಿಂಗ್ ಕಾಲೇಜು ಸೇರಿದ್ದು ನಮ್ಮ ಇಡೀ ಮನೆಯ ದಿಕ್ಕು ಬದಲಿಸಿತು. ಆಗ ಅದಕ್ಕೆ ಇನ್ನೂ ಕೆಆರ್‌ಇಸಿ ಅನ್ನುತ್ತಿದ್ದರು. "ಸುರತ್ಕಲ್ ಅಂದ್ರೆ ಸಾಕು, ಬೆಂಗಳೂರಲ್ಲಿ ಕೂರಿಸಿ ಮಾತಾಡಿಸೋರು. ಆ ಹೆಸರಿಲ್ಲದಿದ್ರೆ ನಾನು ಈ ದೇಶಕ್ಕೆ ಬರ್ತಿದ್ನಾ? ಓದಿನ ವಿಷಯಕ್ಕೆ ಹಣದ ಮುಖ ನೋಡಬಾರದು" ಅಂದ. ಅತ್ತಿಗೆ "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು" ಅಂದರು. ಈ ಎರಡು ಮಾತು ಆ ಮನೆಯಲ್ಲಿ ತಿಂಗಳಿಂದ ಎದುರುಬದುರು ನಿಂತಿವೆ.

ಆದರೆ ಸುರತ್ಕಲ್‌ನ ಅನುಭವ ಇಲ್ಲಿಗೆ ಹೊಂದುವುದಿಲ್ಲ ಅನ್ನುವುದನ್ನು ಅಣ್ಣನಿಗೆ ಹೇಳಲೇಬೇಕಿತ್ತು. ನಮ್ಮ ಕಾಲದಲ್ಲಿ ಒಳ್ಳೆಯ ಹೆಸರು, ಕಡಿಮೆ ಶುಲ್ಕ ಎರಡೂ ಒಂದೇ ಕಡೆ ಸಿಗುತ್ತಿದ್ದವು. ಸಿಇಟಿಯಲ್ಲಿ ರ‍್ಯಾಂಕ್ ಮೇಲಿದ್ದರೆ ಒಳ್ಳೆಯ ಕಾಲೇಜಿನ ಫ್ರೀ ಸೀಟು, ಕೆಳಗಿದ್ದರೆ ಪೇಮೆಂಟ್ ಸೀಟು. ಚೆನ್ನಾಗಿ ಓದುವ ಮಗುವಿನ ಮನೆಯವರು ಹೆಸರೋ ಹಣವೋ ಅಂತ ಆರಿಸುವ ಪ್ರಸಂಗವೇ ಇರಲಿಲ್ಲ. ಅಮೆರಿಕದ ಪದವಿ ಕಾಲೇಜುಗಳಲ್ಲಿ ಅದು ಬಹಳಷ್ಟು ಸಲ ತಿರುಗುಮುರುಗು. ವಾರ್ಟನ್ ಬಿಸಿನೆಸ್ ಶಾಲೆ ಇರುವ ಪೆನ್ಸಿಲ್ವೇನಿಯಾವನ್ನೂ ಸೇರಿಸಿ ಐವಿ ಲೀಗ್ ಅನ್ನುವ ಹಳೆಯ, ಹೆಸರಾಂತ ಎಂಟು ವಿಶ್ವವಿದ್ಯಾಲಯಗಳು ಅಂಕ ನೋಡಿ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ, ಕುಟುಂಬದ ಆದಾಯ ನೋಡಿ ಮಾತ್ರ ನೆರವು ಕೊಡುತ್ತವೆ. ಸ್ಟರ್ನ್‌ನಲ್ಲೂ ಬಹುಮಟ್ಟಿಗೆ ಹಾಗೆಯೇ. ಹೆಸರು ಕೇಳಿಯೇ ಸಾವಿರಾರು ಮಕ್ಕಳು ಸಾಲು ನಿಲ್ಲುವ ಕಡೆ ಶುಲ್ಕ ಇಳಿಸಿ ಕರೆಯುವ ಅಗತ್ಯ ಯಾರಿಗೂ ಇಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ ನಮ್ಮಂಥ ಮನೆಗಳಿಗೆ ಆದಾಯದ ಲೆಕ್ಕದಲ್ಲಿ ನೆರವು ಸಿಗುವುದಿಲ್ಲ. ಹಾಗಂತ ಪೂರ್ತಿ ಹಣ ಕೊಡುವಷ್ಟು ಇದೆಯಾ ಅಂದರೆ ಅದೂ ಇಲ್ಲ. ಸ್ಕಾಲರ್‌ಶಿಪ್ ಅಂದರೆ ಇಲ್ಲಿ, ಈ ಮಗು ನಮ್ಮಲ್ಲಿಗೇ ಬರಲಿ ಅಂತ ಕಾಲೇಜು ತಾನಾಗಿ ತಗ್ಗಿಸಿ ಹೇಳುವ ಬೆಲೆ. ರಟ್ಗರ್ಸ್‌ನ ಪತ್ರವನ್ನು ಅಣ್ಣ "ಎರಡನೇ ದರ್ಜೆ ಕಾಲೇಜಿನ ಸಮಾಧಾನದ ಬಹುಮಾನ" ಅಂತ ಓದುತ್ತಿದ್ದ. ಆ ಪತ್ರಕ್ಕೆ ಆ ಅರ್ಥ ಇಲ್ಲ. ಹೈಸ್ಕೂಲಿನಲ್ಲಿ ಅವಳ ನಾಲ್ಕು ವರ್ಷದ ದುಡಿಮೆಯನ್ನು ಗುರುತಿಸಿ ಕೊಟ್ಟದ್ದು ಅದು.

ಆಮೇಲೆ ಅಣ್ಣ ರ‍್ಯಾಂಕಿಂಗ್ ಪಟ್ಟಿ ತೆಗೆದ. ಯು.ಎಸ್. ನ್ಯೂಸ್ ಪತ್ರಿಕೆಯ ಬಿಸಿನೆಸ್ ಪದವಿ ಪಟ್ಟಿಯನ್ನು ಎಲ್ಲರೂ ವೇದವಾಕ್ಯದಂತೆ ನೋಡುತ್ತಾರೆ, ಅದು ಹೇಗೆ ತಯಾರಾಗುತ್ತದೆ ಅಂತ ಮಾತ್ರ ಬಹಳ ಜನ ಓದುವುದಿಲ್ಲ. ಬಿಸಿನೆಸ್ ಶಾಲೆಗಳ ಡೀನ್‌ಗಳಿಗೂ ಹಿರಿಯ ಅಧ್ಯಾಪಕರಿಗೂ ಒಂದು ಪ್ರಶ್ನಾವಳಿ ಹೋಗುತ್ತದೆ, ಬೇರೆ ಶಾಲೆಗಳಿಗೆ ಅಂಕ ಹಾಕಿ ಅಂತ. ಆ ಪಟ್ಟಿಗೆ ಆಧಾರ ಅದೊಂದೇ. ಓದಿ ಹೊರಬಂದವರ ಸಂಬಳ, ಕೆಲಸ ಸಿಕ್ಕವರ ಪ್ರಮಾಣ, ತರಗತಿಯಲ್ಲಿ ಎಷ್ಟು ಜನ, ಇದು ಯಾವುದೂ ಆ ಲೆಕ್ಕದಲ್ಲಿ ಬರುವುದಿಲ್ಲ. ಶಿಕ್ಷಣ ಇಲಾಖೆಯ ಕಾಲೇಜ್ ಸ್ಕೋರ್‌ಕಾರ್ಡ್‌ನಲ್ಲಿ ಒಂದೊಂದು ಕಾಲೇಜಿನ ಒಂದೊಂದು ವಿಷಯಕ್ಕೂ ಓದಿದವರ ಗಳಿಕೆ, ಸಾಲ ಎರಡೂ ಸಿಗುತ್ತವೆ. ಪುಟ್ಟಿಗೆ ಅದನ್ನೇ ತೆರೆದು ತೋರಿಸಿದೆ, ಅವಳು ಅರ್ಧ ಗಂಟೆ ಅದರಲ್ಲೇ ಇದ್ದಳು.

ಇನ್ನು ಹಣ. ಸ್ಟರ್ನ್‌ಗೆ ವಾಸದ ಖರ್ಚೂ ಸೇರಿ ವರ್ಷಕ್ಕೆ 90 ಸಾವಿರ ಡಾಲರ್ ದಾಟುತ್ತದೆ. ನಾಲ್ಕು ವರ್ಷಕ್ಕೆ 3.7 ಲಕ್ಷ ಅಂತ ಇಟ್ಟುಕೊಂಡೆವು. ಮಕ್ಕಳ ಓದಿಗೆಂದು ಉಳಿಸುವ 529 ಖಾತೆಯಲ್ಲಿ ಅಣ್ಣ ಅತ್ತಿಗೆ ಕೂಡಿಟ್ಟಿರುವುದು 1.2 ಲಕ್ಷ. ಸಂಬಳದಿಂದ ವರ್ಷಕ್ಕೆ 20 ಸಾವಿರ ಕಟ್ಟಬಹುದು ಅನ್ನುತ್ತಾರೆ, ಅದು 80 ಸಾವಿರ. ಉಳಿದ 1.7 ಲಕ್ಷ ಸಾಲವೇ. ಪುಟ್ಟಿಯ ಹೆಸರಲ್ಲಿ ಸರ್ಕಾರಿ ಸಾಲ ಮೊದಲ ವರ್ಷ 5,500, ಎರಡನೆಯ ವರ್ಷ 6,500, ಆಮೇಲೆ ಎರಡು ವರ್ಷ 7,500ರಂತೆ ಒಟ್ಟು 27 ಸಾವಿರಕ್ಕಿಂತ ಹೆಚ್ಚು ಸಿಗುವುದಿಲ್ಲ. ಮಿಕ್ಕದ್ದು ಅಪ್ಪ ಅಮ್ಮನ ತಲೆ ಮೇಲೆ.

ಇಲ್ಲೊಂದು ಹೊಸ ವಿಷಯ ಇದೆ, ಈ ವರ್ಷ ಕಾಲೇಜು ಸೇರುವ ಮಕ್ಕಳ ಮನೆಯವರೆಲ್ಲ ಗಮನಿಸಬೇಕು. ಮಕ್ಕಳ ಓದಿಗೆ ಅಪ್ಪ ಅಮ್ಮ ಸರ್ಕಾರದಿಂದ ಪಡೆಯುವ ಪೇರೆಂಟ್ ಪ್ಲಸ್ ಸಾಲವನ್ನು ಇಷ್ಟು ದಿನ ಕಾಲೇಜಿನ ಪೂರ್ತಿ ಖರ್ಚಿನವರೆಗೂ ಎತ್ತಬಹುದಿತ್ತು. 2025ರಲ್ಲಿ ಆದ ಕಾನೂನಿನಿಂದ ಈ ಜುಲೈ 1ರ ನಂತರ ಹೊಸದಾಗಿ ತೆಗೆದುಕೊಳ್ಳುವವರಿಗೆ ಒಂದು ಮಗುವಿಗೆ ವರ್ಷಕ್ಕೆ 20 ಸಾವಿರ, ಒಟ್ಟು 65 ಸಾವಿರ ಅಂತ ಮಿತಿ ಬಿದ್ದಿದೆ. ಅಲ್ಲಿಗೆ 27 ಮತ್ತು 65 ಸೇರಿ 92 ಸಾವಿರ. ಇನ್ನೂ 78 ಸಾವಿರವನ್ನು ಖಾಸಗಿ ಸಾಲವಾಗಿ ತರಬೇಕು, ಅದಕ್ಕೆ ಅಣ್ಣ ಜಾಮೀನು ನಿಲ್ಲಬೇಕು. ಪ್ಲಸ್ ಸಾಲದ ಬಡ್ಡಿ 2025-26ರ ಸಾಲಿಗೆ ಶೇ. 8.94. ಆ 65 ಸಾವಿರವನ್ನಷ್ಟೇ ಹತ್ತು ವರ್ಷದಲ್ಲಿ ತೀರಿಸುತ್ತೇವೆಂದರೂ ತಿಂಗಳ ಕಂತು 820 ಡಾಲರ್ ಆಗುತ್ತದೆ, ಓದುವಾಗ ಬೆಳೆಯುವ ಬಡ್ಡಿ ಬೇರೆ. ಅಣ್ಣನಿಗೆ ಐವತ್ತು ಹತ್ತಿರ ಬಂತು. ಎಂಟನೇ ಕ್ಲಾಸಿನಲ್ಲಿರುವ ಚಿಕ್ಕವನಿಗೆ ಒಂದು ಕಾಸೂ ಉಳಿಯುವುದಿಲ್ಲ. ಇದನ್ನು ಬರೆದು ತೋರಿಸಿದಾಗ ಅಣ್ಣ ತುಂಬ ಹೊತ್ತು ಮಾತಾಡಲಿಲ್ಲ. ಕೆಲ್ಲಿಯ ಲೆಕ್ಕದಲ್ಲಿ ಸಾಲ ಬೀಳುವುದಿಲ್ಲ, ಆದರೆ 529 ಬರಿದಾಗುತ್ತದೆ, ಸಂಬಳದಿಂದಲೂ ನಾಲ್ಕು ವರ್ಷ ಅಷ್ಟನ್ನೂ ಕಟ್ಟಬೇಕು. ರಟ್ಗರ್ಸ್‌ಗೆ ಸೇರಿದರೆ 529 ಒಂದರಲ್ಲೇ ನಾಲ್ಕು ವರ್ಷ ಮುಗಿದು 30 ಸಾವಿರದ ಮೇಲೆ ಉಳಿಯುತ್ತದೆ. ಅದನ್ನು ತಮ್ಮನ ಹೆಸರಿಗೆ ಬದಲಾಯಿಸಬಹುದು, ಅವಳ ಮುಂದಿನ ಓದಿಗೂ ಇಡಬಹುದು.

"ಹಾಗಾದ್ರೆ ಹೆಸರಿಗೆ ಬೆಲೆಯೇ ಇಲ್ವಾ?" ಅಂದ ಅಣ್ಣ.

ಇದೆ. ಆದರೆ ಎಲ್ಲಿ, ಯಾರಿಗೆ ಅನ್ನುವುದು ಮುಖ್ಯ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಇವತ್ತಿಗೂ ಬೆಲೆಯುಳ್ಳದ್ದು. 1976ರಲ್ಲಿ ಕಾಲೇಜು ಸೇರಿದವರನ್ನು ಅವರು ನೋಡಿದರು. ಒಂದೇ ಮಟ್ಟದ ಅಂಕ ಇದ್ದು, ಒಂದೇ ಥರದ ಕಾಲೇಜುಗಳಲ್ಲಿ ಸೀಟು ಸಿಕ್ಕಿದ್ದು, ಕೆಲವರು ದೊಡ್ಡ ಹೆಸರಿನದಕ್ಕೆ, ಕೆಲವರು ಅಷ್ಟು ಹೆಸರಿಲ್ಲದ್ದಕ್ಕೆ ಹೋಗಿದ್ದರು. ಮುಂದೆ ಅವರ ಗಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಡ ಕುಟುಂಬದ ಮಕ್ಕಳಿಗೆ ಮಾತ್ರ ಹೆಸರಿನ ಕಾಲೇಜು ನಿಜವಾಗಿ ಲಾಭ ತಂದಿತ್ತು. ಹಾಸನದಿಂದ ಹೊರಟ ಅಣ್ಣನ ಕಥೆ ನಿಜವಾದದ್ದೂ ಅದಕ್ಕೇ ಇರಬೇಕು. ಅವನ ಮಗಳ ಸ್ಥಿತಿ ಬೇರೆ, ಅವಳಿಗೆ ದಾರಿ ಹೇಳಲು ಓದಿದ ಅಪ್ಪ ಅಮ್ಮ ಇದ್ದಾರೆ. 2023ರಲ್ಲಿ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ ಮಾಡಿದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ, ಸರಾಸರಿ ಗಳಿಕೆ ಹೆಚ್ಚು ಬದಲಾಗದಿದ್ದರೂ ತೀರ ಮೇಲಿನ ಶೇ. 1ರ ಆದಾಯ ಮುಟ್ಟುವ, ಹೆಸರಾಂತ ಸಂಸ್ಥೆಗಳಲ್ಲಿ ಕೆಲಸ ಹಿಡಿಯುವ ಸಾಧ್ಯತೆ ಬಹಳ ಏರುತ್ತದೆ ಅಂತ ಬಂತು. ಆದರೆ ಅದು ಐವಿಯ ಎಂಟು, ಜೊತೆಗೆ ಸ್ಟ್ಯಾನ್‌ಫರ್ಡ್, ಎಂಐಟಿ, ಡ್ಯೂಕ್, ಶಿಕಾಗೊ, ಹೀಗೆ ಹನ್ನೆರಡರ ಮಾತು. ಪುಟ್ಟಿಯ ಮೂರು ಕಾಲೇಜುಗಳಲ್ಲಿ ಒಂದೂ ಆ ಪಟ್ಟಿಯಲ್ಲಿಲ್ಲ.

ಅಧ್ಯಯನಗಳಿಗಿಂತ ಹೆಚ್ಚಾಗಿ ಕೆಲಸದ ಕಡೆಯಿಂದ ನೋಡಬೇಕು ಅಂತ ನನ್ನ ನಂಬಿಕೆ. ಪುಟ್ಟಿ ಕಂಪನಿಗಳಿಗೆ ಬಂಡವಾಳ ಎತ್ತಿಕೊಡುವ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಬಿಟ್ಟು ಬೇರೇನೂ ಬೇಡ ಅನ್ನುವ ಹುಡುಗಿಯಾಗಿದ್ದರೆ ನಾನು ಇವತ್ತು ಅಣ್ಣನ ಪಕ್ಕ ನಿಲ್ಲುತ್ತಿದ್ದೆ, ಇಷ್ಟು ಸಾಲ ಬೇಡ ಅಂತ ಹೇಳಿಯೂ. ಆ ಬ್ಯಾಂಕುಗಳು ಮೂರನೇ ವರ್ಷದ ಬೇಸಿಗೆಯ ಇಂಟರ್ನ್‌ಗಳನ್ನು ಎರಡನೇ ವರ್ಷದಲ್ಲೇ ಆರಿಸಿಬಿಡುತ್ತವೆ, ಅದೂ ತಾವು ಗುರುತಿಟ್ಟುಕೊಂಡ ಕೆಲವೇ ಕಾಲೇಜುಗಳಿಂದ ಹೆಚ್ಚು. ಸ್ಟರ್ನ್ ಇರುವುದು ಮ್ಯಾನ್‌ಹಟನ್‌ನಲ್ಲೇ, ವಾಲ್ ಸ್ಟ್ರೀಟ್‌ನ ಹತ್ತಿರ. ಕೆಲ್ಲಿಯಲ್ಲಿ ಅದಕ್ಕೆಂದೇ ಆಯ್ದ ಮಕ್ಕಳಿಗೆ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ವರ್ಕ್‌ಶಾಪ್ ಇದೆ. ಅಂಥ ಕಡೆ ಹೆಸರಿಗೆ, ಜಾಗಕ್ಕೆ, ಹಳೆ ವಿದ್ಯಾರ್ಥಿಗಳ ನೆಂಟಸ್ತಿಕೆಗೆ ಬೆಲೆ ಇದೆ.

ಅಕೌಂಟಿಂಗ್, ಆಡಿಟ್, ಸಪ್ಲೈ ಚೈನ್ (ಸರಕು ತಯಾರಾಗಿ ಕೊಳ್ಳುವವರಿಗೆ ತಲುಪುವವರೆಗಿನ ವ್ಯವಸ್ಥೆ) ಹಾಗಲ್ಲ. ನಾಲ್ಕು ದೊಡ್ಡ ಆಡಿಟ್ ಸಂಸ್ಥೆಗಳು ರಾಜ್ಯದ ವಿಶ್ವವಿದ್ಯಾಲಯಗಳಿಂದ ವರ್ಷವರ್ಷವೂ ಮಕ್ಕಳನ್ನು ತೆಗೆದುಕೊಳ್ಳುತ್ತವೆ. ಸಪ್ಲೈ ಚೈನ್ ಓದಿಗೆ ಅಮೆರಿಕದಲ್ಲೇ ಮುಂದಿರುವುದು ಮಿಷಿಗನ್ ಸ್ಟೇಟ್ ಅನ್ನುವ ರಾಜ್ಯದ ವಿಶ್ವವಿದ್ಯಾಲಯ, ಐವಿಯಲ್ಲ. ರಟ್ಗರ್ಸ್‌ಗೂ ಅದರಲ್ಲಿ ಒಳ್ಳೆಯ ಹೆಸರಿದೆ. ಔಷಧಿ ಕಂಪನಿ ಜಾನ್ಸನ್ ಆಂಡ್ ಜಾನ್ಸನ್‌ನ ಮುಖ್ಯ ಕಚೇರಿ ರಟ್ಗರ್ಸ್ ಇರುವ ನ್ಯೂ ಬ್ರನ್ಸ್‌ವಿಕ್‌ನಲ್ಲೇ ಇದೆ, ಇನ್ನೊಂದು ಔಷಧಿ ಕಂಪನಿ ಮರ್ಕ್‌ನದು ರಾವೇಯಲ್ಲಿ, ಎರಡೂ ಒಂದೇ ರೈಲು ಮಾರ್ಗದಲ್ಲಿ. ಮೈಸೂರಲ್ಲಿ ಬಿ.ಕಾಂ. ಓದಿ, ಇಲ್ಲಿ ರಾಜ್ಯದ ಕಾಲೇಜಿನಲ್ಲಿ ಎಂ.ಎಸ್. ಮಾಡಿ ಲೆಕ್ಕಪರಿಶೋಧಕರ ಸಿಪಿಎ ಪರೀಕ್ಷೆ ಬರೆದವಳು ನಾನು. ನಮ್ಮ ಕಂಪನಿಗೆ ಬೇಸಿಗೆಯ ಇಂಟರ್ನ್‌ಗಳನ್ನು ಆರಿಸುವ ತಂಡದಲ್ಲೂ ಇದ್ದೇನೆ. ಕಾಲೇಜಿನ ಹೆಸರು ಅರ್ಜಿಯನ್ನು ಒಂದು ಸಲ ಹೆಚ್ಚು ಓದುವಂತೆ ಮಾಡುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಎದುರಿಗೆ ಕೂತ ಮೇಲೆ ನಾವು ಕೇಳುವುದು ಏನು ಮಾಡಿದ್ದೀಯ ಅಂತ.

ಪುಟ್ಟಿಯನ್ನು ಹೊರಗೆ ನಡೆದಾಡಲು ಕರೆದುಕೊಂಡು ಹೋಗಿ ಕೇಳಿದೆ, ನಿನಗೆ ನಿಜವಾಗಿ ಏನು ಇಷ್ಟ ಅಂತ. "ಗೊತ್ತಿಲ್ಲ ಅತ್ತೆ. ಫೈನಾನ್ಸ್ ಅಂತ ಎಲ್ಲರಿಗೂ ಹೇಳ್ತೀನಿ, ಬೇರೆ ಏನು ಹೇಳಬೇಕು ಅಂತ ಗೊತ್ತಾಗಲ್ಲ. ಔಷಧಿ ಸಾಗಿಸೋದು, ಕೋಲ್ಡ್ ಸ್ಟೋರೇಜ್, ಅವೆಲ್ಲ ಓದಿದ್ರೆ ಖುಷಿ ಆಗತ್ತೆ" ಅಂದಳು. ಹದಿನೇಳಕ್ಕೆ ಗೊತ್ತಿಲ್ಲದಿರುವುದು ತಪ್ಪಲ್ಲ ಅಂದೆ. ಗೊತ್ತಿಲ್ಲದವಳು ಸಾಲ ಹೊತ್ತು ಹೊರಟರೆ, ಎರಡನೇ ವರ್ಷ ಇಷ್ಟವಿಲ್ಲದಿದ್ದರೂ ಹೆಚ್ಚು ಸಂಬಳದ ಕಡೆಗೇ ಓಡಬೇಕಾಗುತ್ತದೆ. ಸಾಲವಿಲ್ಲದಿದ್ದರೆ ಮನಸ್ಸು ಬದಲಾಯಿಸಬಹುದು. ಮುಂದೆ ಎಂಬಿಎ ಮಾಡುವುದಾದರೆ, ತನಗೇನು ಬೇಕೆಂದು ತಿಳಿದ ಮೇಲೆ, ಆಗ ಹೆಸರಿಗೆ ಖರ್ಚು ಮಾಡಲಿ.

"ಸ್ಟರ್ನ್ ಬಿಟ್ರೆ ಆಮೇಲೆ ಬೇಜಾರಾಗತ್ತಾ?" ಅಂತ ಕೇಳಿದಳು. ಆಗಬಹುದು ಅಂತಲೇ ಹೇಳಿದೆ. ಆಗಸ್ಟಿನಲ್ಲಿ ಗೆಳತಿಯರು ನ್ಯೂಯಾರ್ಕಿಗೆ ಹೊರಡುವಾಗ ಖಂಡಿತ ಆಗುತ್ತದೆ. ಆ ಬೇಜಾರನ್ನು ಇಲ್ಲ ಅಂತ ಮುಚ್ಚಿಡುವುದು ಅವಳಿಗೆ ಮಾಡುವ ಮೋಸ.

ರಟ್ಗರ್ಸ್ ಪತ್ರವನ್ನೂ ಕಣ್ಣುಮುಚ್ಚಿ ಒಪ್ಪಬಾರದು. ಸ್ಕಾಲರ್‌ಶಿಪ್ ಮೊತ್ತ ನಾಲ್ಕು ವರ್ಷವೂ ಅಷ್ಟೇ ಇದ್ದು ಶುಲ್ಕ ಏರುತ್ತಾ ಹೋದರೆ ಮನೆಯವರ ಪಾಲು ಬೆಳೆಯುತ್ತದೆ. ಜಿಪಿಎ (ಸರಾಸರಿ ಅಂಕ) ಎಷ್ಟಕ್ಕಿಂತ ಇಳಿದರೆ ಸ್ಕಾಲರ್‌ಶಿಪ್ ನಿಲ್ಲುತ್ತದೆ, ಒಂದು ಸೆಮಿಸ್ಟರ್ ಕೆಟ್ಟರೆ ಸರಿಪಡಿಸಿಕೊಳ್ಳಲು ಅವಕಾಶ ಕೊಡುತ್ತಾರಾ, ಹೊರದೇಶದಲ್ಲಿ ಒಂದು ಸೆಮಿಸ್ಟರ್ ಓದಿದರೆ ಹಣ ಬರುತ್ತದಾ, ಹೊರಗಿನ ಬೇರೆ ಸ್ಕಾಲರ್‌ಶಿಪ್ ಸಿಕ್ಕರೆ ಇದರಲ್ಲಿ ಕಡಿಮೆ ಮಾಡುತ್ತಾರಾ, ಇದನ್ನೆಲ್ಲ ಬರಹದಲ್ಲಿ ಪಡೆಯಬೇಕು. ಬಿಸಿನೆಸ್ ಓದಿನ ಮೊದಲ ವರ್ಷದ ಕ್ಯಾಲ್ಕುಲಸ್, ಅಕೌಂಟಿಂಗ್ ಅನೇಕರ ಜಿಪಿಎ ಎಳೆದುಬಿಡುತ್ತವೆ, ಹಾಗಾಗಿ ಮೊದಲ ಎರಡು ಪ್ರಶ್ನೆ ಬಹಳ ದೊಡ್ಡವು.

ಅಣ್ಣ ಇನ್ನೂ ಪೂರ್ತಿ ಒಪ್ಪಿಲ್ಲ. ಹೊರಡುವಾಗ "ಸ್ಟರ್ನ್‌ಗೆ ಒಂದು ಸಲ ಅಪೀಲ್ ಮಾಡಿ ನೋಡೋಣ" ಅಂದ. ಮಾಡಲಿ, ಕೇಳುವುದರಲ್ಲಿ ಏನೂ ಕಳೆದುಕೊಳ್ಳುವುದಿಲ್ಲ. ಪತ್ರವನ್ನು ಪುಟ್ಟಿಯೇ ಬರೆಯುತ್ತಾಳೆ, ರಟ್ಗರ್ಸ್‌ನ ಮೊತ್ತವನ್ನು ಅದರಲ್ಲಿ ನಮೂದಿಸುತ್ತಾಳೆ. ವರ್ಷಕ್ಕೆ ಕನಿಷ್ಠ 40 ಸಾವಿರದಷ್ಟು ಕಡಿತ ಕೊಡದಿದ್ದರೆ ಸ್ಟರ್ನ್ ಬೇಡ ಅನ್ನುವ ಮಾತಿಗೆ ಅಣ್ಣ ಅತ್ತಿಗೆ ಇಬ್ಬರೂ ಬಂದಿದ್ದಾರೆ. ಸೋಮವಾರ ಬೆಳಿಗ್ಗೆ ಅವಳೇ ರಟ್ಗರ್ಸ್‌ಗೆ ಫೋನ್ ಮಾಡಿ ಮೇಲಿನ ಪ್ರಶ್ನೆಗಳನ್ನು ಕೇಳಬೇಕು. ಅಷ್ಟು ಹೊತ್ತಿಗೆ ನಾನು ಆಫೀಸಿನಲ್ಲಿರುತ್ತೇನೆ, ಮಧ್ಯಾಹ್ನ ಮಾತಾಡುತ್ತೇವೆ.