ಜವಾರಿ ಮರಿಗಳಲ್ಲಿ ಹುಂಜ ಯಾವುದು, ಹ್ಯಾಟೆ ಯಾವುದು: ಆರನೇ ವಾರದ ಲೆಕ್ಕ

ಮರಿಗಳಿಗೆ ಆರು ವಾರ ತುಂಬಿತು. ಗುಳೇದಗುಡ್ಡದ ನಮ್ಮ ಹಿತ್ತಲಲ್ಲಿ ತಾಯಿಕೋಳಿ ಅವನ್ನು ಕುಕ್ಕಿ ದೂರ ಅಟ್ಟುತ್ತಿದೆ. ಹುಂಜ-ಹ್ಯಾಟೆ, ಅಂದರೆ ಗಂಡು-ಹೆಣ್ಣು ಮರಿಗಳ ಲೆಕ್ಕ ಈಗ ಒಂದು ಹದಕ್ಕೆ ಬಂದಿದೆ.

ಗುರುತಿಗೆ ಕಾಲಿಗೆ ನೂಲು ಕಟ್ಟಿದ್ದೇನೆ. ಖಣ ನೇಯುವ ಊರು, ಬಣ್ಣದ ನೂಲಿಗೇನು ಬರ? ಮರಿಗೊಂದು ಬಣ್ಣ, ನೋಟ್‌ಬುಕ್ಕಿನಲ್ಲಿ ಬಣ್ಣಕ್ಕೊಂದು ಪುಟ. ಆದರೆ ಮರಿಯ ಕಾಲು ಬೇಗ ದಪ್ಪ ಆಗುತ್ತದೆ. ಆಗಾಗ ಬಿಚ್ಚಿ ಸಡಿಲ ಮಾಡಿ ಕಟ್ಟಲೇಬೇಕು, ಇಲ್ಲದಿದ್ದರೆ ನೂಲು ಚರ್ಮದೊಳಗೆ ಇಳಿಯುತ್ತದೆ.

ಮೊದಲ ವಾರ

ಏನೂ ಬರೆದಿಲ್ಲ, ಬೇಕಂತಲೇ. ಮೊಬೈಲ್‌ನಲ್ಲಿ ಎಲ್ಲರೂ ತೋರಿಸುವುದು ರೆಕ್ಕೆ ಪರೀಕ್ಷೆ: ಗರಿ ಉದ್ದ-ಗಿಡ್ಡ ಇದ್ದರೆ ಹೆಣ್ಣು, ಸಮ ಇದ್ದರೆ ಗಂಡು. ಸುಳ್ಳಲ್ಲ, ಆದರೆ ಎಲ್ಲ ಕೋಳಿಗೂ ಅಲ್ಲ. ಗರಿ ನಿಧಾನ ಬರಿಸುವ ಜೀನ್ ಝಡ್ ಕ್ರೋಮೊಸೋಮಿನಲ್ಲಿದೆ. ಗಂಡೋ ಹೆಣ್ಣೋ ಅಂತ ತೀರ್ಮಾನಿಸುವ ಈ ಎಳೆ ಹುಂಜಕ್ಕೆ ಎರಡು, ಹ್ಯಾಟೆಗೆ ಒಂದೇ. ತಾಯಿ ತನ್ನ ಒಂದೇ ಝಡ್ಡನ್ನು ಗಂಡುಮರಿಗೆ ಮಾತ್ರ ಕೊಡುತ್ತದೆ. ಹಾಗಾಗಿ ತಾಯಿ ನಿಧಾನ ಗರಿಯದು, ಅಪ್ಪ ಬೇಗ ಗರಿಯದು ಅಂತ ಆರಿಸಿ ಕೂಡಿಸಿದ ತಳಿಯಲ್ಲಷ್ಟೇ ಇದು ನಡೆಯುತ್ತದೆ. ನಮ್ಮ ಮರಿಗಳ ಅಪ್ಪ ಓಣಿಯ ಯಾವ ಹುಂಜವೋ!

ಗುದದ್ವಾರ ನೋಡಿ ಹೇಳುವ ವಿದ್ಯೆ ಜಪಾನಿನದು, 1920ರ ದಶಕದ್ದು. ಹ್ಯಾಚರಿಯವರು ತಿಂಗಳುಗಟ್ಟಲೆ ಕಲಿತು ಮಾಡುತ್ತಾರೆ. ನಾವು ಸುಮ್ನೆ ಒತ್ತಿ ನೋಡಲು ಹೋದರೆ ಮರಿಯ ಕರುಳಿಗೇ ಪೆಟ್ಟು. ಇನ್ನು ಚೂಪು ಮೊಟ್ಟೆಯಲ್ಲಿ ಹುಂಜ ಅನ್ನುವ ಮಾತು ನಮ್ಮ ಮನೆಯಲ್ಲೂ ಇದೆ. ಗಂಡೋ ಹೆಣ್ಣೋ ಅನ್ನುವುದು ಮೊಟ್ಟೆಗೆ ಚಿಪ್ಪು ಕೂಡುವ ಮೊದಲೇ ಮುಗಿದ ವಿಷಯ. ಆಕಾರಕ್ಕೂ ಅದಕ್ಕೂ ಸಂಬಂಧ ಇಲ್ಲ.

ನಾಲ್ಕನೇ ವಾರ

ಕೆಂಪು ನೂಲಿನ ಮರಿಯ ಬೆನ್ನು ಇನ್ನೂ ಬೋಳು, ಬಾಲ ಮೊಂಡು. ಅದೇ ಕಾವಿನ ಹಳದಿ ನೂಲಿನದಕ್ಕೆ ಆಗಲೇ ನೀಟಾದ ಬಾಲ. ಗಂಡಿಗೆ ಗರಿ ತಡ ಅನ್ನುತ್ತಾರೆ. ಪೆನ್ಸಿಲ್‌ನಲ್ಲಿ ಬರೆದೆ, ಅಷ್ಟೇ.

ಆರನೇ ವಾರ

ಈಗ ಮಾತಾಡಬಹುದು. ಬೆಳಗಿನ ಬಿಸಿಲಿಗೆ ಮರಿಗಳನ್ನು ಒಂದೊಂದಾಗಿ ಎತ್ತಿ, ಒಡಹುಟ್ಟಿದವುಗಳ ಜೊತೆ ಹೋಲಿಸಿ ನೋಡಿದೆ. ಕೆಂಪು ನೂಲಿನದಕ್ಕೆ ಜುಟ್ಟು ಎದ್ದಿದೆ, ಬುಡದಿಂದಲೇ ಕೆಂಪು, ಗದ್ದದ ಕೆಳಗೂ ಎರಡು ಕೆಂಪು ತೊಗಲು. ಹಳದಿಯದು ಮಾಸಲು, ಜುಟ್ಟಿನ ಹಲ್ಲು ಕಂಡೂ ಕಾಣದಷ್ಟು. ಜುಟ್ಟು ಬೇಗ ಎದ್ದು ಕೆಂಪೇರುವುದು ಹುಂಜದ ಲಕ್ಷಣ. ಒಂದೇ ಮರಿಯನ್ನು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಇರಬೇಕು.

ಇನ್ನೂ ಒಳ್ಳೆ ಗುರುತು ಸಿಕ್ಕಿದ್ದು ಬೆನ್ನ ಮೇಲೆ ಪಟ್ಟೆ ಇದ್ದ ಮರಿಗಳಲ್ಲಿ. ಎದೆಯ ಗರಿ ಸರಿಸಿದರೆ ಒಂದಕ್ಕೆ ಒಳಗಿಂದ ಕಪ್ಪು ಗರಿ ಇಣುಕುತ್ತಿದೆ. ಇನ್ನೊಂದಕ್ಕೆ ಎದೆಯೆಲ್ಲ ತಿಳಿ ಕಂದು. ಕಾಡುಕೋಳಿ ಬಣ್ಣದ ಮರಿಗಳಲ್ಲಿ ಕಪ್ಪು ಎದೆ ಹುಂಜದ್ದು. ಈ ಎರಡಕ್ಕೆ ಪೆನ್ನಿನಲ್ಲೇ ಬರೆದೆ.

ಹಸಿರು ನೂಲಿನದು ಮಾತ್ರ ತಲೆ ತಿನ್ನುತ್ತಿದೆ. ಮೈಯೆಲ್ಲ ಕಪ್ಪು, ಹಾಗಾಗಿ ಎದೆ ನೋಡಿ ಉಪಯೋಗವಿಲ್ಲ. ಜುಟ್ಟು ಕಾಳಗದ ತಳಿಯಾದ ಅಸೀಲ್ ಕೋಳಿಯ ಹಾಗೆ ತಲೆಗಂಟಿದ ಮೂರು ಸಾಲು. ಇಂಥ ಜುಟ್ಟು ಏಳುವುದೇ ಇಲ್ಲ. ನಡುವಿನ ಸಾಲು ಅಗಲವಾಗಿ ಕೆಂಪೇರಿದೆಯಾ ಅಂತ ನೋಡಬೇಕು. ಸ್ವಲ್ಪ ಕೆಂಪಿದೆ, ಅಗಲ ಇಲ್ಲ. ಮನೆಯಲ್ಲಿ ಎಲ್ಲರೂ ಹುಂಜ ಅನ್ನುತ್ತಾರೆ, ಕಾಲು ದಪ್ಪ ಇದೆ ಅಂತ, ಎದುರು ನಿಂತು ಜಗಳ ಆಡುತ್ತದೆ ಅಂತ. ಈ ವಯಸ್ಸಿನಲ್ಲಿ ಹ್ಯಾಟೆಗಳೂ ಜಗಳ ಆಡುತ್ತವೆ, ಅಲ್ವಾ? ನಾನು ಹ್ಯಾಟೆ ಅಂತಲೇ ಬರೆದಿದ್ದೇನೆ.

ಮುಂದೆ

ಹತ್ತು-ಹನ್ನೆರಡು ವಾರಕ್ಕೆ ಬಾಲದ ಬುಡದ ಮುಂದೆ, ಸೊಂಟದ ಮೇಲಿನ ಗರಿ ನೋಡಬೇಕು. ಹುಂಜಕ್ಕೆ ಅಲ್ಲಿ ಸಣ್ಣಗೆ, ಚೂಪಾಗಿ, ಮಿಂಚುವ ಗರಿ ಬರುತ್ತದೆ. ಹ್ಯಾಟೆಯದು ತುದಿ ದುಂಡು. ನನ್ನ ಮಟ್ಟಿಗೆ ಕೂಗಿಗಿಂತ ಇದನ್ನೇ ಜಾಸ್ತಿ ನಂಬಬಹುದು, ಯಾಕೆಂದರೆ ಅಪರೂಪಕ್ಕೆ ಹ್ಯಾಟೆಯೂ ಕೂಗುತ್ತದೆ. ಮೊಟ್ಟೆಗಾಗಿ ಸಾಕುತ್ತಿರುವ ನಮಗೆ ಹುಂಜ ಒಂದಿದ್ದರೆ ಸಾಕು. ಹೆಚ್ಚಾದವು ಸಂತೆಗೆ. ಹಸಿರು ನೂಲಿನದನ್ನು ಆ ಗರಿ ಬರುವವರೆಗೆ ಯಾರು ಕೇಳಿದರೂ ಕೊಡುವುದಿಲ್ಲ.